ಕ್ರಿಸ್‌ಮಸ್ ಕಾಲದಲ್ಲಿ ಹುಟ್ಟಿದ ಮಕ್ಕಳ ವರ್ಧಂತಿ

ಮಕ್ಕಳ ಹುಟ್ಟುಹಬ್ಬವನ್ನು ಆಚರಿಸದ ಗೃಹಸ್ಥರು ಈಗ ಪಟ್ಟಣಗಳಲ್ಲಿ ವಿರಳ. ಆದರೆ ಡಿಸೆಂಬರ್ 20ರಿಂದ ಜನವರಿ 1ರವರೆಗಿನ ಹತ್ತು ಹನ್ನೆರಡು ದಿನಗಳಲ್ಲಿ ಹುಟ್ಟಿದ ಮಕ್ಕಳಿಗೆ ಈ ವಿಷಯದಲ್ಲಿ ಒಂದು ವಿಶೇಷವಾದ ಕೊರತೆಯುಂಟು. ಅದನ್ನು ಮಕ್ಕಳು ಬಾಯಿಬಿಟ್ಟು ಹೇಳುವುದಿಲ್ಲ, ಹಿರಿಯರು ಗಮನಿಸುವುದಿಲ್ಲ. ಬಹುಕಾಲ ಮಕ್ಕಳ ನಡುವೆಯೇ ಕಳೆದ ನಮಗೆ ಇದು ಪರಿಚಿತವಾದುದರಿಂದ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುತ್ತೇವೆ.

ನಾವು ವಾಸಿಸುವ ಮೈಸೂರಿನ ಲಕ್ಷ್ಮೀಪುರಂ ಬಡಾವಣೆಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಡಿಸೆಂಬರ್ 16ರ ಸುಮಾರಿಗೆ ಧನುರ್ಮಾಸ ಹಿಡಿಯುತ್ತದೆ. ಬೆಳಗಿನ ಜಾವದಲ್ಲೇ ದೇವಸ್ಥಾನಗಳಲ್ಲಿ ಗಂಟೆಯ ನಾದ, ಹುಗ್ಗಿಯ ನೈವೇದ್ಯ. ಅದೇ ವಾರದಲ್ಲಿ ಬೇಕರಿಗಳ ಗಾಜಿನ ಕಪಾಟುಗಳಲ್ಲಿ ಪ್ಲಮ್ ಕೇಕುಗಳು ಬಂದು ಕುಳಿತಿರುತ್ತವೆ. ಸಂತ ಫಿಲೋಮಿನಾ ಚರ್ಚಿನ ಜೋಡಿ ಗೋಪುರಗಳು ದೀಪಗಳಿಂದ ಬೆಳಗುತ್ತವೆ. ಅರಮನೆಯ ಆವರಣದಲ್ಲಿ ಮಾಗಿಯ ಫಲಪುಷ್ಪ ಪ್ರದರ್ಶನಕ್ಕೆ ಜನ ಸಾಲುಗಟ್ಟುತ್ತಾರೆ. ರಜೆಯ ದೆಸೆಯಿಂದ ಬೆಂಗಳೂರಿನ ನಂಟರೆಲ್ಲರೂ ಇಲ್ಲಿಗೆ, ಇಲ್ಲಿಯವರೆಲ್ಲರೂ ಇನ್ನೆಲ್ಲಿಗೋ. ಜನವರಿ 1ರಂದಾದರೋ ವಿಜಯನಗರದ ಯೋಗಾನರಸಿಂಹಸ್ವಾಮಿಯ ಸನ್ನಿಧಿಯಲ್ಲಿ ಲಕ್ಷಗಟ್ಟಲೆ ಲಾಡುಗಳ ವಿನಿಯೋಗ! ಊರಿಗೆ ಊರೇ ಸಡಗರದಲ್ಲಿರುವಾಗ ಒಂದು ಮಗುವಿನ ಹಬ್ಬ ಯಾರ ಕಣ್ಣಿಗೆ ಬೀಳಬೇಕು?

ಮನೆಯ ಮಾತು ಹಾಗಿರಲಿ, ಮುಖ್ಯವಾದ ನಷ್ಟವಾಗುವುದು ಶಾಲೆಯಲ್ಲಿ. ಹುಟ್ಟಿದ ದಿನ ಸಮವಸ್ತ್ರವನ್ನು ಬಿಟ್ಟು ಬಣ್ಣದ ಉಡುಪು ಧರಿಸಿ ಬರುವುದು, ತರಗತಿಯವರೆಲ್ಲರಿಗೂ ಮಿಠಾಯಿ ಹಂಚುವುದು, ಉಪಾಧ್ಯಾಯರ ಕೈಯಿಂದ ಬೆನ್ನು ತಟ್ಟಿಸಿಕೊಳ್ಳುವುದು, ಇವು ಮಗುವಿನ ದೃಷ್ಟಿಯಲ್ಲಿ ಪಟ್ಟಾಭಿಷೇಕಕ್ಕೆ ಸಮಾನ. ಡಿಸೆಂಬರ್ 25 ಎಲ್ಲೆಡೆಯೂ ರಜೆ. ಕ್ರೈಸ್ತರ ಆಡಳಿತದಲ್ಲಿರುವ ಅನೇಕ ಶಾಲೆಗಳಲ್ಲಿ ಹೊಸ ವರ್ಷದವರೆಗೂ ರಜೆ. ನಮ್ಮ ಬೀದಿಯಲ್ಲಿ ಮೂರನೆಯ ತರಗತಿಯ ಹುಡುಗಿಯೊಬ್ಬಳಿದ್ದಾಳೆ, 27ರಂದು ಹುಟ್ಟಿದವಳು. ತಂದೆ ತಂದುಕೊಟ್ಟ ಮಿಠಾಯಿಯ ಪೊಟ್ಟಣವನ್ನು ಶಾಲೆ ತೆರೆಯುವವರೆಗೆ ಜೋಪಾನವಾಗಿಟ್ಟುಕೊಂಡು, ತೆರೆದ ದಿನ ಹಂಚಿದಳು. ಸಹಪಾಠಿಯೊಬ್ಬನು, “ಇದು ಹೊಸ ವರ್ಷದ್ದೇನು?” ಎಂದು ಕೇಳಿದನಂತೆ. ಅವಳು ಹೌದೆಂದು ತಲೆಯಾಡಿಸಿಬಿಟ್ಟಳಂತೆ. ಅವಳ ಅಜ್ಜಿ ಇದನ್ನು ನಗುತ್ತಲೇ ಹೇಳಿದರು. ನಮಗೆ ನಗು ಬರಲಿಲ್ಲ.

ಇನ್ನು ಉಡುಗೊರೆಯ ವಿಚಾರ. ಕ್ರೈಸ್ತರ ಮನೆಗಳಲ್ಲಿ “ಎರಡಕ್ಕೂ ಸೇರಿ ಇದೊಂದು” ಎಂಬ ಮಾತು ಸಹಜವಾಗಿ ಹುಟ್ಟುತ್ತದೆ. ನಮ್ಮ ಮನೆಗಳವರು ತಮಗೆ ಈ ದೋಷವಿಲ್ಲವೆಂದು ಬೀಗಬೇಕಾಗಿಲ್ಲ. ಹದಿನೈದು ಇಪ್ಪತ್ತು ದಿನಗಳಲ್ಲಿ ಸಂಕ್ರಾಂತಿ ಬರುತ್ತದೆಯಷ್ಟೆ? ಎಳ್ಳು ಬೀರಲು ಹೆಣ್ಣುಮಗುವಿಗೆ ಹೊಸ ಲಂಗ ಬೇಕೇಬೇಕು. ಆದುದರಿಂದ ಹುಟ್ಟುಹಬ್ಬಕ್ಕೆಂದು ಕೊಂಡ ಲಂಗ ಒಂದು ಗಂಟೆ ಮೈಮೇಲಿದ್ದು, “ಕೊಳೆಯಾದೀತು, ಸಂಕ್ರಾಂತಿಗೆ ಇರಲಿ” ಎಂಬ ಆಜ್ಞೆಯೊಡನೆ ಬೀರುವಿಗೆ ಹಿಂದಿರುಗುತ್ತದೆ. ಮಿತವ್ಯಯ ಸದ್ಗುಣವೇ ಸರಿ; ಆದರೆ ಜೂನ್ ತಿಂಗಳಲ್ಲಿ ಹುಟ್ಟಿದ ಅಣ್ಣನ ಅಂಗಿಗೆ ಈ ನಿಯಮವಿಲ್ಲದಿರುವುದನ್ನು ತಂಗಿ ನೋಡುತ್ತಲೇ ಇರುತ್ತಾಳೆ.

ಈ ದುಃಖವನ್ನು ಗುರುತಿಸಿ ಪರಿಹಾರ ಹುಡುಕಿದ ದೊಡ್ಡವರೊಬ್ಬರುಂಟು. ಆಂಗ್ಲ ಸಾಹಿತ್ಯದಲ್ಲಿ ಪ್ರಸಿದ್ಧರಾದ ರಾಬರ್ಟ್ ಲೂಯಿ ಸ್ಟೀವನ್‌ಸನ್ ಎಂಬವರು ತಮ್ಮ ಕೊನೆಯ ವರ್ಷಗಳನ್ನು ಪೆಸಿಫಿಕ್ ಸಾಗರದ ಸಮೋವಾ ದ್ವೀಪದಲ್ಲಿ ಕಳೆದರು. ಅಲ್ಲಿ ಅಮೆರಿಕದ ಅಧಿಕಾರಿಯಾಗಿದ್ದ ಹೆನ್ರಿ ಐಡ್ ಎಂಬವರ ಮಗಳು ಆ್ಯನಿ ಕ್ರಿಸ್‌ಮಸ್ ದಿನವೇ ಹುಟ್ಟಿದವಳು. ತನಗೆ ಸರಿಯಾದ ಹುಟ್ಟುಹಬ್ಬವೇ ಇಲ್ಲವೆಂಬುದು ಅವಳ ಕೊರಗು. ಸ್ಟೀವನ್‌ಸನ್ನರು ನ್ಯಾಯಶಾಸ್ತ್ರವನ್ನು ಓದಿದ್ದವರು. 1891ರಲ್ಲಿ ಅವರು ಶಾಸನಬದ್ಧವಾದ ಭಾಷೆಯಲ್ಲಿ ಒಂದು ದಾನಪತ್ರವನ್ನೇ ಬರೆದು, ತಮಗೆ ಇನ್ನು ಹುಟ್ಟುಹಬ್ಬದಿಂದ ಪ್ರಯೋಜನವಿಲ್ಲವಾದುದರಿಂದ ನವೆಂಬರ್ 13ರ ತಮ್ಮ ಜನ್ಮದಿನವನ್ನು ಸಕಲ ಹಕ್ಕುಗಳೊಡನೆ ಆ ಹುಡುಗಿಗೆ ವಹಿಸಿಕೊಟ್ಟರು. ಅಂದು ಒಳ್ಳೆಯ ಬಟ್ಟೆ ಉಡುವ, ಮೃಷ್ಟಾನ್ನ ಉಣ್ಣುವ, ಉಡುಗೊರೆ ಪಡೆಯುವ ಅಧಿಕಾರವೆಲ್ಲ ಅವಳದು. ತಪ್ಪಿ ನಡೆದರೆ ಅದು ಅಮೆರಿಕದ ಅಧ್ಯಕ್ಷರಿಗೆ ಸೇರತಕ್ಕುದು ಎಂಬ ಷರತ್ತು ಬೇರೆ! ವಿನೋದದ ಬರಹವೇ ಆದರೂ, ಬೇರೆ ಯಾರ ಹಬ್ಬದ ನೆರಳೂ ಬೀಳದ ದಿನವೊಂದು ಮಗುವಿಗೆ ಬೇಕೆಂಬುದನ್ನು ಆ ಮಹನೀಯರು ಚೆನ್ನಾಗಿ ಬಲ್ಲವರಾಗಿದ್ದರು.

ನಮ್ಮ ಗೃಹಸ್ಥರಿಗೆ ಇಂತಹ ದಾನಪತ್ರದ ಆವಶ್ಯಕತೆಯಿಲ್ಲ. ಏತಕ್ಕೆಂದರೆ ನಮ್ಮ ಪಂಚಾಂಗವೇ ಪ್ರತಿಯೊಂದು ಮಗುವಿಗೂ ಎರಡನೆಯ ಜನ್ಮದಿನವನ್ನು ದಯಪಾಲಿಸಿದೆ. ಚಾಂದ್ರಮಾನದ ವರ್ಷಕ್ಕೆ ಸುಮಾರು 354 ದಿನಗಳು. ಆದುದರಿಂದ ಜನ್ಮತಿಥಿ ಇಂಗ್ಲಿಷ್ ತಾರೀಖಿಗಿಂತ ವರ್ಷಕ್ಕೆ ಹನ್ನೊಂದು ದಿನಗಳಷ್ಟು ಹಿಂದೆ ಸರಿಯುತ್ತ, ಅಧಿಕಮಾಸ ಬಂದಾಗ ಮುಂದಕ್ಕೆ ನೆಗೆಯುತ್ತದೆ. 2024ರ ಡಿಸೆಂಬರ್ 25ರಂದು, ಅಂದರೆ ಕ್ರೋಧಿ ಸಂವತ್ಸರದ ಮಾರ್ಗಶಿರ ಬಹುಳ ದಶಮಿಯಂದು, ಹುಟ್ಟಿದ ಶಿಶುವನ್ನು ತೆಗೆದುಕೊಳ್ಳಿ. ಮರುವರ್ಷ ಅದೇ ತಿಥಿ ಡಿಸೆಂಬರ್ 14ಕ್ಕೇ ಬಂದಿತು. ಶಾಲೆಗಳಿಗೆ ಇನ್ನೂ ಕ್ರಿಸ್‌ಮಸ್ ರಜೆಯಿಲ್ಲ, ಧನುರ್ಮಾಸವೂ ಹಿಡಿದಿಲ್ಲ. ಅದರ ಮುಂದಿನ ಸಲ, 2026ರ ಅಧಿಕ ಜ್ಯೇಷ್ಠದ ದೆಸೆಯಿಂದ, ಅದು 2027ರ ಜನವರಿಯ ಆರಂಭಕ್ಕೆ ಹೋಗುತ್ತದೆ. ಹೀಗೆ ಹಿಂದೆ ಮುಂದೆ ಓಲಾಡುತ್ತ ಹತ್ತೊಂಬತ್ತು ವರ್ಷಗಳಿಗೊಮ್ಮೆ ತಿಥಿ ತಾರೀಖುಗಳೆರಡೂ, ಒಂದು ದಿನ ಹೆಚ್ಚು ಕಡಮೆಯಾಗಿ, ಮತ್ತೆ ಕೂಡುತ್ತವೆ. ಸೌರಮಾನವನ್ನು ಅನುಸರಿಸಿ ಧನುರ್ಮಾಸದ ಜನ್ಮನಕ್ಷತ್ರವನ್ನು ಹಿಡಿಯುವ ಮನೆಗಳಲ್ಲಿ ಆ ದಿನ ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ಎಲ್ಲಿಯಾದರೂ ಬರಬಹುದು. ತಾರೀಖೆಂಬುದು ಶಿಲಾಶಾಸನವಲ್ಲ. ಐಸಾಕ್ ನ್ಯೂಟನ್ನರು ಹುಟ್ಟಿದುದು ಅಂದಿನ ಇಂಗ್ಲೆಂಡಿನ ಗಣನೆಯಂತೆ 1642ರ ಡಿಸೆಂಬರ್ 25. ಈಗಿನ ಗಣನೆಯಂತೆ 1643ರ ಜನವರಿ 4.

ಧನುರ್ಮಾಸ ಶೂನ್ಯಮಾಸವಲ್ಲವೆ, ಶುಭಕಾರ್ಯ ಕೂಡದಲ್ಲವೆ ಎಂದು ಕೆಲವು ಹಿರಿಯರು ಆಕ್ಷೇಪಿಸುವುದುಂಟು. ವಿವಾಹ ಉಪನಯನಗಳಿಗೆ ನಾವು ಮುಹೂರ್ತವನ್ನು ಆರಿಸಿಕೊಳ್ಳುತ್ತೇವೆ, ಅವನ್ನು ಮುಂದೂಡಬಹುದು. ವರ್ಧಂತಿಯ ಕಾಲವನ್ನು ನಾವು ಆರಿಸಿದುದಲ್ಲ, ಮಗುವೇ ತಂದುದು. ಕಾಲನಿಯತವಾದ ಕರ್ಮಕ್ಕೆ ಮುಹೂರ್ತದ ಅಪೇಕ್ಷೆ ಏಕೆ? ನಮ್ಮ ಮಟ್ಟಿಗೆ ಈ ಆಕ್ಷೇಪಣೆ ನಿಲ್ಲತಕ್ಕುದಲ್ಲ.

ವಿಧಿಯಾದರೂ ಎಷ್ಟು ಸುಲಭ! ಧರ್ಮಶಾಸ್ತ್ರದ ನಿಬಂಧಗ್ರಂಥಗಳಲ್ಲಿ ಹೇಳಿರುವುದು ಅಭ್ಯಂಜನ, ನೂತನ ವಸ್ತ್ರ, ಕುಲದೇವತೆಯ ಪೂಜೆ, ಅಶ್ವತ್ಥಾಮ ಬಲಿ ವ್ಯಾಸ ಹನುಮಂತ ಮೊದಲಾದ ಚಿರಂಜೀವಿಗಳ ಮತ್ತು ಮಾರ್ಕಂಡೇಯರ ಸ್ಮರಣೆ, ಕೊನೆಗೆ ಎಳ್ಳು ಬೆಲ್ಲ ಬೆರಸಿದ ಅರ್ಧ ಬೊಗಸೆ ಹಾಲು. ಅಂದು ಕ್ಷೌರ, ಹಿಂಸೆ, ಪ್ರಯಾಣ, ಜಗಳ ಇವು ನಿಷಿದ್ಧ. ಪ್ರಯಾಣ ಕೂಡದೆಂಬುದನ್ನು ವಾಚಕರು ಗಮನಿಸಬೇಕು. ಡಿಸೆಂಬರ್ ಕೊನೆಯ ವಾರದಲ್ಲಿ ಮಗುವಿನ ಹುಟ್ಟುಹಬ್ಬವನ್ನು ಬಾಡಿಗೆ ಕಾರಿನಲ್ಲಿ, ದಾರಿಯ ಹೋಟೆಲಿನಲ್ಲಿ ಮುಗಿಸಿಬಿಡುವವರನ್ನು ನಾವು ಕಂಡಿದ್ದೇವೆ. ಜಗಳ ಕೂಡದೆಂಬುದು ತಾಯಿತಂದೆಗಳಿಗೂ ಅನ್ವಯಿಸತಕ್ಕುದು. ದೀಪವನ್ನು ಊದಿ ಆರಿಸುವ ಬಗ್ಗೆ ನಮಗೆ ಮನಸ್ಸಿಲ್ಲ. ಆದರೆ ಮಗು ಬಯಸಿದರೆ ಅದಕ್ಕಾಗಿ ವಾದ ಹೂಡುವುದೂ ಜಗಳವೇ ಆದೀತು.

ಕ್ರೈಸ್ತ ಬಂಧುಗಳಿಗೆ ಈ ತಿಥಿಯ ಉಪಾಯ ಒದಗದು. ನತಾಲಿಯಾ, ನೋಯೆಲ್ ಎಂಬ ಹೆಸರುಗಳನ್ನು ಆ ದಿನಗಳ ಮಕ್ಕಳಿಗೆ ಇಡುವುದುಂಟು. ಎರಡೂ ಜನನವೆಂಬ ಅರ್ಥದ ಲ್ಯಾಟಿನ್ ಮೂಲದಿಂದ ಬಂದವು. ಹೆಸರೇ ಹಬ್ಬದ್ದಾದ ಮೇಲೆ ದಿನವನ್ನಾದರೂ ಮಗುವಿಗೆ ಬೇರೆಯಾಗಿ ಕೊಡಬಹುದು: ದೀಕ್ಷಾಸ್ನಾನವಾದ ದಿನವನ್ನು ಮನೆಯೊಳಗೆ ಆಚರಿಸುವುದು ಒಂದು ದಾರಿ, ಅಥವಾ 25ರ ಸಂಜೆ ಅತಿಥಿಗಳು ತೆರಳಿದ ಬಳಿಕ ಒಂದು ಗಂಟೆಯನ್ನು ಅದಕ್ಕೇ ಮೀಸಲಿಡಬಹುದು. ಮಗುವಿಗಾಗಿ ತಂದ ಪೊಟ್ಟಣಕ್ಕೆ ಹಬ್ಬದ ಕಾಗದ ಸುತ್ತಬಾರದು, ಅಷ್ಟೆ.

ಈ ದಿನಗಳಲ್ಲಿ ಹುಟ್ಟಿದವರ ನೆರೆಹೊರೆ ಯಾರೆಂಬುದನ್ನೂ ಮಕ್ಕಳಿಗೆ ತಿಳಿಸಬೇಕು. ಡಿಸೆಂಬರ್ 22 ಗಣಿತಜ್ಞ ಶ್ರೀನಿವಾಸ ರಾಮಾನುಜನ್ನರು ಜನಿಸಿದ ದಿನ, ವರ್ಷ 1887. 2012ರಿಂದ ಅದು ರಾಷ್ಟ್ರೀಯ ಗಣಿತ ದಿನ. 29 ನಮ್ಮ ಕುವೆಂಪು ಅವರದು. 1904ರಲ್ಲಿ ಮಲೆನಾಡಿನಲ್ಲಿ ಹುಟ್ಟಿ, ಬಾಳಿನ ಬಹುಭಾಗವನ್ನು ಇದೇ ಮೈಸೂರಿನಲ್ಲಿ ಕಳೆದ ಆ ಕವಿಯ ಜನ್ಮದಿನವನ್ನು 2015ರಿಂದ ಕರ್ನಾಟಕ ಸರಕಾರ ವಿಶ್ವಮಾನವ ದಿನವೆಂದು ಆಚರಿಸುತ್ತಿದೆ. 29ರಂದು ಹುಟ್ಟಿದ ಹುಡುಗನೊಬ್ಬನಿಗೆ ನಾವು ಇದನ್ನು ಹೇಳಿದಾಗ, ಅವರ ಶಾಲೆಗೂ ಆ ದಿನ ರಜೆಯಿತ್ತೇ ಎಂದು ಕೇಳಿದನು.

ಶಾಲೆಯ ಮಟ್ಟಿಗೆ ಉಪಾಯ ಉಪಾಧ್ಯಾಯರ ಕೈಯಲ್ಲಿದೆ. ತರಗತಿಯ ಹಾಜರಿ ಪುಸ್ತಕದೊಡನೆ ಜನನದ ತಾರೀಖುಗಳ ಪಟ್ಟಿ ಇದ್ದೇ ಇರುತ್ತದೆ. ರಜೆಗೆ ಮುಂಚಿನ ಕೊನೆಯ ದಿನ ಅಂತಹ ಮಕ್ಕಳನ್ನು ಹೆಸರು ಹಿಡಿದು ಕರೆದು, ಬಣ್ಣದ ಉಡುಪಿನಲ್ಲಿ ಮಿಠಾಯಿ ಹಂಚಲು ಬಿಟ್ಟರೆ ಐದು ನಿಮಿಷದ ಕೆಲಸ. ಮನೆಯಲ್ಲಿ ತಿಥಿಯ ದಿನ ಎಣ್ಣೆನೀರು, ಆರತಿ, ಪಾಯಸ. ತಾರೀಖಿನ ದಿನ ಗೆಳೆಯರು ಊರಿನಲ್ಲಿದ್ದರೆ ಕೇಕು. ಲಂಗ ಒಂದೇ ಆದರೂ ಚಿಂತೆಯಿಲ್ಲ, ದಿನವೆಲ್ಲ ಉಟ್ಟುಕೊಂಡಿರಲಿ. ಹಾಲಿಗೆ ಬೇಕಾದ ಎಳ್ಳು ಬೆಲ್ಲಗಳನ್ನು ಸಂಕ್ರಾಂತಿಗೆಂದು ಹೇಗೂ ಡಿಸೆಂಬರ್ ತಿಂಗಳಲ್ಲೇ ದೇವರಾಜ ಮಾರುಕಟ್ಟೆಯಿಂದ ತಂದಿರುತ್ತೇವೆ. ಅದರಿಂದ ಒಂದು ಹಿಡಿಯನ್ನು ಮಗುವಿನ ಹೆಸರಿನಲ್ಲಿ ಮೊದಲೇ ತೆಗೆದಿಟ್ಟರಾಯಿತು.