ಹೆನ್ರಿ ಆರನ್: ಒಂದು ದಾಖಲೆಯ ವಿವೇಚನೆ

ಬೇಸ್‌ಬಾಲ್ ಆಟದಲ್ಲಿ ದಾಂಡಿಗನು ಚೆಂಡನ್ನು ಅಂಗಣದ ಬೇಲಿಯ ಆಚೆಗೆ ಹೊಡೆದು, ಮೂರು ನೆಲೆಗಳನ್ನೂ ಸುತ್ತಿ ಮೂಲನೆಲೆಗೆ ಹಿಂದಿರುಗುವುದನ್ನು ‘ಹೋಮ್ ರನ್’ ಎನ್ನುತ್ತಾರೆ. 1935ರಲ್ಲಿ ನಿವೃತ್ತನಾದ ಬೇಬ್ ರೂತನು ಅಮೆರಿಕದ ಪ್ರಧಾನ ಲೀಗುಗಳಲ್ಲಿ ಇಂತಹ 714 ಹೊಡೆತಗಳನ್ನು ಹೊಡೆದಿದ್ದನು. ಈ ದಾಖಲೆಯನ್ನು ಮೊದಲು ಮೀರಿದವನು ಹೆನ್ರಿ ಆರನ್. ಅವನ ಸಾಧನೆಯ ಸ್ವರೂಪವನ್ನು ಇಲ್ಲಿ ಸಂಗ್ರಹವಾಗಿ ವಿವೇಚಿಸಲಾಗಿದೆ.

ಆರನ್ 1934ರಲ್ಲಿ ಅಲಬಾಮಾ ಸಂಸ್ಥಾನದ ಮೊಬೀಲ್ ನಗರದಲ್ಲಿ ಜನಿಸಿದನು. ವರ್ಣಭೇದವು ಕಾನೂನೇ ಆಗಿದ್ದ ನಾಡು ಅದು. 1952ರಲ್ಲಿ ಕಪ್ಪು ಜನರ ತಂಡವಾದ ಇಂಡಿಯಾನಾಪೊಲಿಸ್ ಕ್ಲೌನ್ಸ್‌ನಲ್ಲಿ ಆಡಿ, ಅದೇ ವರ್ಷ ಬ್ರೇವ್ಸ್ ಸಂಸ್ಥೆಯನ್ನು ಸೇರಿದನು. 1953ರಲ್ಲಿ ಜ್ಯಾಕ್ಸನ್‌ವಿಲ್ ತಂಡದಲ್ಲಿ ಆಡುತ್ತಿದ್ದಾಗ ಬಿಳಿಯ ಸಂಗಡಿಗರೊಡನೆ ಉಣ್ಣುವ, ತಂಗುವ ಅವಕಾಶ ಅವನಿಗಿರಲಿಲ್ಲ. ಆದರೂ ಆ ವರ್ಷ ಲೀಗಿನ ಅತ್ಯುತ್ತಮ ಆಟಗಾರನೆಂದು ಪರಿಗಣಿತನಾದನು. 1954ರಲ್ಲಿ ಮಿಲ್ವಾಕಿ ಬ್ರೇವ್ಸ್ ತಂಡವನ್ನು ಪ್ರವೇಶಿಸಿ, ಹೊರವಲಯದ ಬಲಬದಿಯ ಕಾವಲುಗಾರನಾಗಿ ನೆಲೆನಿಂತನು.

ರೂತನು 1927ರ ಒಂದೇ ಋತುವಿನಲ್ಲಿ 60 ಹೋಮ್ ರನ್ ಹೊಡೆದವನು. ಆರನ್ ಯಾವ ಋತುವಿನಲ್ಲಿಯೂ 50ನ್ನು ಮುಟ್ಟಲಿಲ್ಲ; 1971ರಲ್ಲಿ ಹೊಡೆದ 47 ಅವನ ಗರಿಷ್ಠ ಸಂಖ್ಯೆ. ಆದರೆ 1955ರಿಂದ 1974ರವರೆಗಿನ 20 ಋತುಗಳಲ್ಲಿ ಒಂದರಲ್ಲಿಯೂ ಅವನ ಗಳಿಕೆ 20ಕ್ಕಿಂತ ಕೆಳಗಿಳಿಯಲಿಲ್ಲ. ಶಿಖರಕ್ಕಿಂತ ಹೆಚ್ಚಾಗಿ ಈ ಎಡೆಬಿಡದ ಸಮತೆಯೇ ಅವನ ವೈಶಿಷ್ಟ್ಯ.

1973ರ ಋತು ಮುಗಿದಾಗ ಅವನ ಸಂಖ್ಯೆ 713. ಕಪ್ಪು ಮನುಷ್ಯನೊಬ್ಬನು ರೂತನನ್ನು ಮೀರಬಾರದೆಂದು ದ್ವೇಷದ ಪತ್ರಗಳೂ ಪ್ರಾಣಬೆದರಿಕೆಗಳೂ ಬಂದವು. 1974ರ ಏಪ್ರಿಲ್ 8ರಂದು ಅಟ್ಲಾಂಟದಲ್ಲಿ ಅವನು 715ನೆಯ ಹೊಡೆತವನ್ನು ಹೊಡೆದನು. 1976ರಲ್ಲಿ ನಿವೃತ್ತನಾಗುವ ವೇಳೆಗೆ ಆ ಸಂಖ್ಯೆ 755 ಆಗಿತ್ತು.

ಇಲ್ಲಿ ಒಂದು ಆಕ್ಷೇಪವುಂಟು. ರೂತನಿಗೆ ದಾಂಡು ಹಿಡಿಯುವ ಸರದಿಗಳು ಸುಮಾರು 8,400 ಮಾತ್ರ ದೊರೆತಿದ್ದವು. ಆರನ್‌ಗೆ ದೊರೆತವು 12,364. ಪ್ರಮಾಣದಲ್ಲಿ ರೂತನೇ ಮೇಲೆಂಬುದು ನಿಜ. ಆದರೆ ಅಷ್ಟು ಸರದಿಗಳು ದೀರ್ಘಕಾಲ ಕುಂದದ ಸಾಮರ್ಥ್ಯಕ್ಕೆ ಸಂದ ಫಲವೇ ಹೊರತು ದಾನವಲ್ಲ. ಅವನ 3,771 ಸಫಲ ಹೊಡೆತಗಳಿಂದ ಹೋಮ್ ರನ್ನುಗಳನ್ನೆಲ್ಲ ಕಳೆದರೂ 3,016 ಉಳಿಯುತ್ತವೆ. 3,000ವನ್ನು ಮುಟ್ಟುವುದೇ ಆ ಆಟದಲ್ಲಿ ವಿರಳವಾದ ಗೌರವ. ಇದಲ್ಲದೆ, ರೂತನ ಕಾಲದ ಪ್ರಧಾನ ಲೀಗುಗಳಲ್ಲಿ ಕಪ್ಪು ಆಟಗಾರರಿಗೆ ಪ್ರವೇಶವೇ ಇರಲಿಲ್ಲ; ಆ ಬಾಗಿಲು ತೆರೆದದ್ದು 1947ರಲ್ಲಿ, ಜ್ಯಾಕಿ ರಾಬಿನ್‌ಸನ್ ಬಂದಾಗ. ಆರನ್‌ನ ಅಂಕಿಯಿಂದ ಸರದಿಗಳ ಆಧಿಕ್ಯವನ್ನು ಕಳೆಯುವವರು, ರೂತನ ಅಂಕಿಯಿಂದ ಈ ಬಹಿಷ್ಕಾರದ ಪಾಲನ್ನೂ ಕಳೆಯುವುದು ನ್ಯಾಯ.

2007ರಲ್ಲಿ ಬ್ಯಾರಿ ಬಾಂಡ್ಸ್ 755ನ್ನು ದಾಟಿದನು. ಆರನ್ 2021ರಲ್ಲಿ ನಿಧನನಾದನು. ಹೊಡೆತಗಳಿಂದ ಗಳಿಸಿದ ಒಟ್ಟು ನೆಲೆಗಳ ಲೆಕ್ಕದಲ್ಲಿ ಅವನ 6,856ನ್ನು ಇದುವರೆಗೆ ಯಾರೂ ಮೀರಿಲ್ಲ.