ಕೊರಿಯಾದ ಮಂದಿಯ ಇಂಗ್ಲಿಷು



ದಕ್ಷಿಣ ಕೊರಿಯಾದ ಒಂದು ಊಟದ ಅಂಗಡಿಯಲ್ಲಿ ನೀವು ಕುಳಿತಿದ್ದೀರಿ ಎಂದು ಇಟ್ಟುಕೊಳ್ಳಿ. ನೀವು ಕೇಳದೆಯೇ ಅಂಗಡಿಯಾಕೆ ಒಂದು ತಟ್ಟೆ ತಿಂಡಿಯನ್ನು ತಂದಿಟ್ಟು ‘ಸೋಬಿಸು’ ಎಂದು ನಗುತ್ತಾಳೆ. ಅದು ಇಂಗ್ಲಿಷಿನ ಸರ್ವಿಸ್ ಎಂಬ ಶಬ್ದವೇ. ಆದರೆ ಇಲ್ಲಿ ಅದರ ಅರ್ಥ ಸೇವೆ ಅಲ್ಲ, ‘ಇದಕ್ಕೆ ದುಡ್ಡು ಬೇಡ’ ಎಂದು. ನಮ್ಮ ಸಂತೆಯಲ್ಲಿ ತರಕಾರಿ ಮಾರುವವರು ತೂಕ ಮುಗಿದ ಮೇಲೆ ಒಂದು ಹಿಡಿ ಕೊಸರು ಹಾಕುತ್ತಾರಲ್ಲ, ಅದನ್ನೇ ಅವರು ಸರ್ವಿಸ್ ಎನ್ನುತ್ತಾರೆ. ಇದೇ ಶಬ್ದವನ್ನು ನಂಬಿಕೊಂಡು ಆಕೆ ಲಂಡನ್ನಿಗೆ ಹೋಗಿ, ಬಿಲ್ಲಿನಲ್ಲಿ ಸರ್ವಿಸ್ ಎಂದು ಬರೆದಿರುವುದನ್ನು ಕಂಡರೆ ಏನಾದೀತು? ಅಲ್ಲಿ ಅದಕ್ಕೆ ಪ್ರತ್ಯೇಕ ಹಣ ತೆರಬೇಕು!

ಇಂಥ ಶಬ್ದಗಳು ಕೊರಿಯಾದಲ್ಲಿ ರಾಶಿ ಇವೆ. ಮೊಬೈಲಿಗೆ ‘ಹ್ಯಾಂಡ್ ಫೋನ್’. ಕೊಳ್ಳದೆ ಅಂಗಡಿ ನೋಡುತ್ತಾ ತಿರುಗುವುದು ‘ಐ ಶಾಪಿಂಗ್’, ಅಂದರೆ ಕಣ್ಣಿನ ವ್ಯಾಪಾರ. ಪರೀಕ್ಷೆಯಲ್ಲಿ ಕಾಪಿ ಹೊಡೆಯುವುದು ‘ಕನ್ನಿಂಗ್’. ಕಾರಿನ ಸ್ಟೇರಿಂಗಿಗೆ ‘ಹ್ಯಾಂಡಲ್’. ವ್ಯಾಯಾಮ ಶಾಲೆಗೆ ಬರಿಯ ‘ಹೆಲ್ತ್’. ಹುಡುಗರೂ ಹುಡುಗಿಯರೂ ಪರಿಚಯಕ್ಕಾಗಿ ಗುಂಪಾಗಿ ಸೇರಿದರೆ ಅದು ‘ಮೀಟಿಂಗ್’. ಆಟದಲ್ಲಿ, ಪರೀಕ್ಷೆಗೆ ಹೊರಟಾಗ ಧೈರ್ಯ ಹೇಳಲು ಎಲ್ಲರೂ ಕೂಗುವುದು ‘ಫೈಟಿಂಗ್’. ಇಂಗ್ಲಿಷಿನವರಿಗೆ ಅದು ಹೊಡೆದಾಟ. ಕೊರಿಯಾದವರಿಗೆ ‘ಭಲೇ, ಬಿಡಬೇಡ!’

ಇವುಗಳಲ್ಲಿ ಕೆಲವು ನೇರವಾಗಿ ಇಂಗ್ಲಿಷಿನಿಂದ ಬಂದವಲ್ಲ. 1910ರಿಂದ 1945ರವರೆಗೆ ಕೊರಿಯಾ ಜಪಾನಿನ ಆಳ್ವಿಕೆಯಲ್ಲಿತ್ತು. ಜಪಾನಿನವರು ತಮ್ಮ ಬಾಯಿಗೆ ಒಗ್ಗಿಸಿಕೊಂಡ ಇಂಗ್ಲಿಷ್ ಶಬ್ದಗಳು ಆ ದಾರಿಯಾಗಿ ಬಂದವು. ಕನ್ನಿಂಗ್ ಅಂಥದು. ಮೋಟಾರು ಸೈಕಲ್ಲಿಗೆ ‘ಓಟೊಬಾಯಿ’ ಎನ್ನುವುದೂ ಅಂಥದೇ. ಕಾಗದಕ್ಕೆ ಪಿನ್ನು ಹೊಡೆಯುವ ಸ್ಟೇಪ್ಲರಿಗೆ ಅಲ್ಲಿ ‘ಹಾಚ್‌ಕಿಸ್’ ಎನ್ನುತ್ತಾರೆ. ಅದೊಂದು ಕಂಪೆನಿಯ ಹೆಸರು. ನಗಬೇಡಿ. ನಮ್ಮ ಡ್ರೈವರುಗಳು ಬದಲಿ ಚಕ್ರಕ್ಕೆ ‘ಸ್ಟೆಪ್ನಿ’ ಎನ್ನುತ್ತಾರಲ್ಲ, ಅದು ವೇಲ್ಸ್ ದೇಶದ ಲ್ಲಾನೆಲ್ಲಿ ಊರಿನ ಒಂದು ಬೀದಿಯ ಹೆಸರು. ಇಡ್ಲಿ ತಿನ್ನುವ ಜಾಗವನ್ನು ನಾವು ಹೋಟೆಲ್ ಎನ್ನುತ್ತೇವೆ. ಇಂಗ್ಲಿಷಿನವರು ಹಾಸಿಗೆ ದಿಂಬು ಇಲ್ಲದ ಹೋಟೆಲ್ಲನ್ನು ಕಂಡವರೇ ಅಲ್ಲ.

ಇನ್ನು ಉಚ್ಚಾರ. ಕೊರಿಯಾದ ಲಿಪಿ ಹಂಗುಲ್. ಸೆಜೊಂಗ್ ಎಂಬ ರಾಜ 1443ರಲ್ಲಿ ಅದನ್ನು ರೂಪಿಸಿ 1446ರಲ್ಲಿ ಪ್ರಜೆಗಳಿಗೆ ಕೊಟ್ಟ. ಈಗ ಅದರಲ್ಲಿ ಮೂಲ ಅಕ್ಷರಗಳು 24. ಕಲಿಯಲು ಬಹಳ ಸುಲಭ ಎಂದು ಹೆಸರುವಾಸಿ. ಆದರೆ ಅದರಲ್ಲಿ ಫಕಾರವಿಲ್ಲ, ಇಂಗ್ಲಿಷಿನ ವಕಾರವಿಲ್ಲ, ರಕಾರ ಲಕಾರ ಎರಡಕ್ಕೂ ಒಂದೇ ಅಕ್ಷರ. ಹಾಗಾಗಿ ಕಾಫಿ ‘ಕೋಪಿ’ ಆಗುತ್ತದೆ. ನಮ್ಮ ಹಳ್ಳಿಯ ಅಜ್ಜಿಯಂದಿರ ‘ಕಾಪಿ’ಗೆ ಅದು ಬಹಳ ದೂರವಿಲ್ಲ. ಶಬ್ದದ ಕೊನೆಯಲ್ಲಿ ‘ಸ್’ ಎಂದು ಮೊಟಕಾಗಿ ನಿಲ್ಲಿಸುವುದು ಅವರಿಗೆ ಕಷ್ಟ, ಎರಡು ವ್ಯಂಜನ ಒಟ್ಟಿಗೆ ಬಂದರಂತೂ ಇನ್ನೂ ಕಷ್ಟ. ನಡುನಡುವೆ ಒಂದು ಸ್ವರ ಸೇರಿಸಿಕೊಳ್ಳುತ್ತಾರೆ. ಇಂಗ್ಲಿಷಿನವರು ಎರಡೇ ತುಂಡಾಗಿ ಹೇಳುವ ಕ್ರಿಸ್ಮಸ್ ಅವರಲ್ಲಿ ‘ಕು-ರಿ-ಸು-ಮಾ-ಸು’ ಎಂದು ಐದು ತುಂಡಾಗುತ್ತದೆ. ನಾವೂ ಬಸ್ಸು, ಲೈಟು, ಬ್ಯಾಂಕು ಎನ್ನುವವರೇ ತಾನೆ? ಕಾಸರಗೋಡಿನ ಕಡೆಯ ಕೇಳುಗರಿಗೆ ಇನ್ನೊಂದು ಮಾತು: ಕೊರಿಯಾದವರು ಸೇರಿಸುವ ಆ ಉಕಾರ ನಮ್ಮ ಕನ್ನಡದ ದುಂಡು ಉಕಾರವಲ್ಲ. ತುಳುವಿನಲ್ಲಿ, ಮಲಯಾಳದಲ್ಲಿ ಶಬ್ದದ ಕೊನೆಗೆ ತುಟಿ ದುಂಡಗೆ ಮಾಡದೆ ಅರ್ಧ ಉಕಾರ ಬಿಡುತ್ತೇವಲ್ಲ, ಅದಕ್ಕೆ ಹತ್ತಿರ. ಬೆಂಗಳೂರಿನವರಿಗಿಂತ ನಿಮ್ಮ ಬಾಯಿಗೆ ಅದು ಬೇಗ ಬಂದೀತು.

ಶಬ್ದದ ತೊಂದರೆಗಿಂತ ದೊಡ್ಡದು ಹೌದು-ಅಲ್ಲಗಳ ತೊಂದರೆ. ಇದನ್ನು ಸ್ವಲ್ಪ ಗಮನವಿಟ್ಟು ಕೇಳಿ. ‘ಇವತ್ತು ಮದ್ದು ತೆಗೆದುಕೊಳ್ಳಲಿಲ್ಲವೇ?’ ಎಂದು ಯಾರಾದರೂ ನಿಮ್ಮನ್ನು ಕೇಳಿದರೆ, ತೆಗೆದುಕೊಂಡಿಲ್ಲವಾದರೆ ‘ಹೌದು, ತೆಗೆದುಕೊಳ್ಳಲಿಲ್ಲ’ ಎನ್ನುತ್ತೀರಿ. ಅಂದರೆ ‘ನೀವು ಹೇಳಿದ್ದು ಹೌದು’ ಎಂದು. ಕೊರಿಯಾದವರೂ ಹಾಗೆಯೇ ಉತ್ತರಿಸುತ್ತಾರೆ. ಇಂಗ್ಲಿಷಿನಲ್ಲಿ ಹಾಗಲ್ಲ, ತೆಗೆದುಕೊಂಡಿಲ್ಲವಾದರೆ, ಪ್ರಶ್ನೆ ಹೇಗೇ ಇರಲಿ, ‘ನೋ’ ಎನ್ನಬೇಕು. ಈಗ ಪರದೇಶದ ಆಸ್ಪತ್ರೆಯಲ್ಲಿರುವ ಒಬ್ಬ ಕೊರಿಯಾದ ವಿದ್ಯಾರ್ಥಿಯನ್ನು ಊಹಿಸಿಕೊಳ್ಳಿ. ‘ಯಾವ ಔಷಧಿಯೂ ನಿಮಗೆ ಆಗಿಬರದೆ ಇಲ್ಲ ತಾನೆ?’ ಎಂದು ಡಾಕ್ಟರು ಇಂಗ್ಲಿಷಿನಲ್ಲಿ ಕೇಳುತ್ತಾರೆ. ಅವನಿಗೆ ಒಂದು ಔಷಧಿ ಆಗುವುದಿಲ್ಲ. ‘ನೀವು ಹೇಳಿದ್ದು ತಪ್ಪು’ ಎಂಬ ಅರ್ಥದಲ್ಲಿ ‘ನೋ’ ಎನ್ನುತ್ತಾನೆ. ಡಾಕ್ಟರು ‘ಏನೂ ಇಲ್ಲ’ ಎಂದು ಬರೆದುಕೊಳ್ಳುತ್ತಾರೆ. ಇದೇ ವಿದ್ಯಾರ್ಥಿ ವಾಂತಿಯಾದುದನ್ನು ಹೇಳಲು ತನ್ನೂರಿನ ಇಂಗ್ಲಿಷಿನಂತೆ ‘ಓವರ್ ಈಟ್’ ಎಂದನೆಂದರೆ, ಹುಡುಗ ಮಿತಿಮೀರಿ ತಿಂದಿದ್ದಾನೆ ಎಂದಷ್ಟೇ ಅವರಿಗೆ ಅರ್ಥವಾದೀತು. ಆದ್ದರಿಂದ ಬರಿಯ ‘ಎಸ್’, ‘ನೋ’ ಹೇಳಿ ನಿಲ್ಲಿಸದೆ ‘ನೋ, ಐ ಡಿಡ್ ನಾಟ್’ ಎಂದು ಪೂರ್ತಿ ವಾಕ್ಯ ಹೇಳುವುದೇ ಕ್ಷೇಮ. ನಮಗೂ ಅಷ್ಟೇ.

ಹಾಗೆಂದು ಅವರು ಇಂಗ್ಲಿಷ್ ಕಲಿಯುವುದರಲ್ಲಿ ಹಿಂದೆ ಎಂದುಕೊಳ್ಳಬೇಡಿ. 1997ರಿಂದ ಮೂರನೆಯ ತರಗತಿಯಲ್ಲೇ ಇಂಗ್ಲಿಷ್ ಪಾಠ ಶುರು. ಶಾಲೆ ಬಿಟ್ಟ ಮೇಲೆ ‘ಹಗ್ವೊನ್’ ಎಂಬ ಟ್ಯೂಷನ್ ಶಾಲೆಗಳು ಬೇರೆ. ಕಾಲೇಜಿಗೆ ಸೇರಲು ನವೆಂಬರಿನಲ್ಲಿ ‘ಸುನುಂಗ್’ ಎಂಬ ಮಹಾಪರೀಕ್ಷೆ ನಡೆಯುತ್ತದೆ. ಅದರಲ್ಲಿ ಇಂಗ್ಲಿಷನ್ನು ಕೇಳಿ ಉತ್ತರಿಸುವ ಭಾಗ ಬಂದಾಗ, ಮಕ್ಕಳಿಗೆ ಸದ್ದಾಗಬಾರದೆಂದು ದೇಶದಲ್ಲೆಲ್ಲ ಸುಮಾರು 35 ನಿಮಿಷ ವಿಮಾನಗಳು ಏರುವುದಿಲ್ಲ, ಇಳಿಯುವುದಿಲ್ಲ. ಇಷ್ಟೆಲ್ಲ ಆಗಿಯೂ ಬಾಯಿ ತೆರೆದು ಮಾತನಾಡಲು ಅಂಜುವವರು ಅಲ್ಲಿ ಬಹಳ ಮಂದಿ. ‘ಹೌ ಆರ್ ಯೂ’ ಎಂದರೆ ಪಾಠದ ಪುಸ್ತಕದಲ್ಲಿದ್ದ ಹಾಗೆ ‘ಫೈನ್, ಥ್ಯಾಂಕ್ ಯೂ, ಆಂಡ್ ಯೂ’ ಎಂದು ಒಂದೇ ಉಸಿರಿಗೆ ಒಪ್ಪಿಸುತ್ತಾರೆಂದು ಅವರೇ ತಮಾಷೆ ಮಾಡಿಕೊಳ್ಳುತ್ತಾರೆ. ತಪ್ಪಿಗೆ ಅಂಕ ಕಳೆಯುವ ಪರೀಕ್ಷೆಯಿಂದಲೇ ಭಾಷೆ ಕಲಿತರೆ ಹಾಗಾಗದೆ ಇನ್ನೇನು?

ಗಡಿನಾಡಿನ ನಮಗೆ ಇದು ಅರ್ಥವಾಗದ ಸಂಗತಿಯಲ್ಲ. ‘ಅವಸರ’ ಎಂಬ ಒಂದೇ ಶಬ್ದವನ್ನು ನೋಡಿ. ಕನ್ನಡದಲ್ಲಿ ಗಡಿಬಿಡಿ, ಮಲಯಾಳದಲ್ಲಿ ಅವಕಾಶ, ಆದೋನಿ ಕಡೆಯ ತೆಲುಗಿನಲ್ಲಿ ಅಗತ್ಯ. ಬ್ಯಾಂಕಿನ ಕೌಂಟರಿನಲ್ಲಿ ಕುಳಿತವನಿಗೆ ಇದರ ರುಚಿ ಗೊತ್ತು: ‘ಒಂದು ಅವಸರ ಕೊಡಿ’ ಎಂದವರು ಸಾಲ ಕಟ್ಟಲು ಇನ್ನೊಂದು ಅವಕಾಶ ಕೇಳುತ್ತಿದ್ದರೇ ಹೊರತು ಗಡಿಬಿಡಿಯನ್ನಲ್ಲ. ಮೂರೂ ಸರಿಯೇ. ಹಾಗೆಯೇ ‘ಫೈಟಿಂಗ್’ ಕೊರಿಯಾದೊಳಗೆ ಸರಿಯೇ. 2021ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನವರು ಕೊರಿಯಾ ಮೂಲದ 26 ಶಬ್ದಗಳನ್ನು ಸೇರಿಸಿಕೊಂಡಾಗ ಈ ಅರ್ಥದ ‘ಫೈಟಿಂಗ್’ ಕೂಡ ಒಳಗೆ ಬಂತು. ಕೊಟ್ಟ ಸಾಲ ಬಡ್ಡಿ ಸಮೇತ ವಾಪಸು ಬಂದ ಹಾಗೆ!

ಕೊನೆಗೆ ಅವರ ಭಾಷೆಯ ಬಗ್ಗೆ ಎರಡು ಮಾತು. ಹೋಮರ್ ಹಲ್ಬರ್ಟ್ ಎಂಬ ಅಮೆರಿಕದವನು 1886ರಲ್ಲಿ ಅಲ್ಲಿಗೆ ಇಂಗ್ಲಿಷ್ ಮೇಷ್ಟ್ರಾಗಿ ಹೋದ. 1905ರಲ್ಲಿ ಅವನು ಕೊರಿಯನ್ ಭಾಷೆಯನ್ನೂ ನಮ್ಮ ದ್ರಾವಿಡ ಭಾಷೆಗಳನ್ನೂ ಹೋಲಿಸಿ ಒಂದು ವ್ಯಾಕರಣವನ್ನೇ ಬರೆದ. ಅವರಲ್ಲೂ ಕ್ರಿಯಾಪದ ವಾಕ್ಯದ ಕೊನೆಗೆ; ತಂದೆ ‘ಆಪ್ಪಾ’, ತಾಯಿ ‘ಒಮ್ಮಾ’. ಈಗಿನ ಭಾಷಾ ಪಂಡಿತರು ಆ ನೆಂಟಸ್ತಿಕೆಯನ್ನು ಒಪ್ಪುವುದಿಲ್ಲ, ಕಾಕತಾಳೀಯ ಎನ್ನುತ್ತಾರೆ. ಇರಲಿ. ಆದರೆ ಎದುರಿಗೆ ಸಿಕ್ಕವರನ್ನು ‘ಊಟ ಆಯಿತೇ?’ ಎಂದು ವಿಚಾರಿಸುವ ಪದ್ಧತಿ ಇಬ್ಬರಲ್ಲೂ ಇದೆ.

ಮಡಕಶಿರದ ಕೇಳುಗರಿಗೆ ಇದು ದೂರದ ಮಾತಲ್ಲ. ನಿಮ್ಮದೇ ಜಿಲ್ಲೆಯ ಪೆನುಕೊಂಡದ ಹತ್ತಿರ ಕೊರಿಯಾದ ಕಿಯಾ ಕಂಪೆನಿಯ ಕಾರುಗಳು 2019ರಿಂದ ತಯಾರಾಗುತ್ತಿವೆ. ಅಲ್ಲಿನವರು ಯಾರಾದರೂ ದಾರಿಯಲ್ಲಿ ಸಿಕ್ಕಿ ‘ಡಿಡ್ ಯೂ ಈಟ್ ರೈಸ್?’ ಎಂದರೆ, ಅನ್ನವನ್ನೇ ಏಕೆ ಕೇಳುತ್ತಾನೆ, ನಾನು ಮುದ್ದೆ ಉಂಡೆನಲ್ಲ ಎಂದು ತಲೆ ಕೆಡಿಸಿಕೊಳ್ಳಬೇಡಿ. ‘ಆಯಿತು, ನಿಮ್ಮದು?’ ಎಂದು ಕೇಳಿ.