ಕೂಸಿಗೆ ಇಲ್ಲ ಅಂದ ಮೇಲೂ ಡೋಸ್ ಯಾಕೆ ತಪ್ಪಿಸಬಾರದು?

ಅಕ್ಕನ ಕುಬಸಕ್ಕಂತ ಗುಳೇದಗುಡ್ಡಕ್ಕೆ ಹೋಗಿದ್ದೆ. ಖಣ ಕೊಟ್ಟು ಉಡಿ ತುಂಬಿದ ಮೇಲೆ ಅಕ್ಕನ ಗೆಳತಿಯೊಬ್ಬಳು ನನ್ನನ್ನು ಮೂಲೆಗೆ ಕರೆದಳು. ಮೂರು ತಿಂಗಳ ಬಾಣಂತಿ. ಆಕೆಗೆ ಎಚ್‌ಐವಿ ಇದೆ ಅನ್ನೋದು ಮನೆಯವರಿಗಷ್ಟೇ ಗೊತ್ತು.

"ಆರು ವಾರದ ಟೆಸ್ಟ್‌ನಾಗ ಕೂಸಿಗೆ ಇಲ್ಲ ಅಂತ ಬಂತು ತಂಗಿ. ಇಲ್ಲಂದ ಮ್ಯಾಲೆ ಮತ್ಯಾಕ ಚುಚ್ಚಸ್ತಿ, ಬನಶಂಕರಿ ಜಾತ್ರಿ ಮುಗೀಲಿ ಅಂತಾರ ನಮ್ಮತ್ತಿ. ನೀ ಲ್ಯಾಬ್‌ನಾಗ ಇರಾಕಿ, ಹೇಳು."

ಬಾಗಲಕೋಟೆ ಜಿಲ್ಲೆಗೆ ಈ ಸಂಕಟ ಹೊಸದಲ್ಲ. 2003ರ ಸಮೀಕ್ಷೆಯಲ್ಲಿ ಇಲ್ಲಿನ ವಯಸ್ಕರಲ್ಲಿ ನೂರಕ್ಕೆ ಸುಮಾರು ಮೂವರಿಗೆ ಎಚ್‌ಐವಿ ಕಂಡಿತ್ತು. ಈಗ ಬಸುರಿಯರಿಗೆ ಟೆಸ್ಟ್ ಇದೆ, ಔಷಧ ತಪ್ಪಿಸದಿದ್ದರೆ ಮಗುವಿಗೆ ದಾಟೋದು ಬಹಳ ಅಪರೂಪ. ಆದರೆ ವೈರಸ್ ದಾಟದಿದ್ದರೂ ಇನ್ನೊಂದು ಲೆಕ್ಕ ಉಳಿಯುತ್ತದೆ.

ತಾಯಿ ತನ್ನ ರಕ್ತದ ಐಜಿಜಿ ಪ್ರತಿಕಾಯಗಳನ್ನು ಮಾಸಿನ ಮೂಲಕ ಕೂಸಿಗೆ ಕಳಿಸುತ್ತಾಳೆ, ಬಹುಪಾಲು ಕೊನೆಯ ಮೂರು ತಿಂಗಳಲ್ಲಿ. ಮೊದಲ ಕೆಲವು ತಿಂಗಳು ನಾಯಿಕೆಮ್ಮು, ಧನುರ್ವಾಯುವಿನಂಥವನ್ನು ತಡೆಯಲು ತಾಯಿ ಕಟ್ಟಿಕೊಟ್ಟ ಬುತ್ತಿ ಅದು. ಎಚ್‌ಐವಿ ಇದ್ದಾಗ ಬುತ್ತಿ ಕಟ್ಟಲು ತಾಯಿಯ ಹತ್ತಿರವೇ ಕೆಲವು ಪ್ರತಿಕಾಯ ಕಡಿಮೆ ಇರುತ್ತವೆ, ದಾಟುವ ದಾರಿಯಲ್ಲೂ ನೂಕುನುಗ್ಗಲು. ಮಾಸಿಗೆ ಮಲೇರಿಯಾ ತಗುಲಿದಾಗಲೂ ಹೀಗೆ ಆಗುವುದುಂಟು. (ತಾಯಿಯ ಎಚ್‌ಐವಿ ಪ್ರತಿಕಾಯವೂ ದಾಟುತ್ತದೆ. ಹಾಗಾಗಿ 18 ತಿಂಗಳವರೆಗೆ ಕೂಸಿಗೆ ಮಾಮೂಲಿ ಪ್ರತಿಕಾಯ ಟೆಸ್ಟ್ ಮಾಡಿ ಪಾಸಿಟಿವ್ ಅಂತ ಹೆದರೋದು ತಪ್ಪು. ನೇರವಾಗಿ ವೈರಸ್ ಹುಡುಕುವ ಟೆಸ್ಟೇ ಬೇಕು.)

ಇದಕ್ಕೆ ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ಹತ್ತಿರದ ಕೂಸುಗಳ ಮೇಲೆ ಮಾಡಿ 2011ರಲ್ಲಿ ಪ್ರಕಟವಾದ ಅಧ್ಯಯನವಿದೆ. ಎಚ್‌ಐವಿ ಇರುವ ತಾಯಂದಿರ, ಸೋಂಕು ತಗುಲದ ಕೂಸುಗಳಲ್ಲಿ ನಾಯಿಕೆಮ್ಮು, ಧನುರ್ವಾಯು, ನ್ಯುಮೊಕಾಕಸ್‌ನ ಪ್ರತಿಕಾಯ ಹುಟ್ಟುವಾಗ ಕಡಿಮೆ ಇತ್ತು. ಲಸಿಕೆ ಹಾಕಿದ ಮೇಲೆ? ಉಳಿದ ಕೂಸುಗಳಷ್ಟೇ, ಕೆಲವದರಲ್ಲಿ ಅವಕ್ಕಿಂತ ಹೆಚ್ಚೇ ಬಂತು. ಅಂದರೆ ಕೂಸಿನ ಕೈಯಲ್ಲಿ ಶಕ್ತಿ ಇದೆ, ಬುತ್ತಿ ಮಾತ್ರ ಸಣ್ಣದು. ತಡ ಮಾಡಿದಷ್ಟು ದಿನ ಅದು ಬರಿಗೈಲಿರುತ್ತದೆ.

"ಅಕ್ಕಾ, 6, 10, 14 ವಾರ ಅಂತ ಬರದಿದ್ದು ಇದಕ್ಕ. ಜಾತ್ರಿ ತಿಂಗಳಗಟ್ಟಲೆ ಇರ್ತದ. ನಿನ್ನ ಗುಳಗೀನೂ ಬಿಡಬ್ಯಾಡ" ಅಂದೆ. ಅವರತ್ತೆಗೆ ಹೇಳೋ ಧೈರ್ಯ ಮಾತ್ರ ನನಗೆ ಬರಲಿಲ್ಲ. ಅಮ್ಮನೇ ಹೋಗಿ ಮಾತಾಡಿದಳು.

ಎರಡು ದಿನದ ಮೇಲೆ ಬಸ್ಸಿನಲ್ಲಿದ್ದಾಗ ವಾಟ್ಸ್‌ಆ್ಯಪ್‌ಗೆ ತಾಯಿ ಕಾರ್ಡಿನ ಫೋಟೊ ಬಂತು. 14 ವಾರದ ಸಾಲಿನ ಮುಂದೆ ಅವತ್ತಿನದೇ ತಾರೀಖು.